ತುದಿಗೆ ನೇತುಬಿದ್ದ 37 ಫ್ರೇಮು

ಎದುರಾಳಿಯನ್ನು ಕಣದಿಂದ ಹೊರಗೆ ಹೊಡೆದು ಹಾಕುವ ಪ್ಲಾಟ್‌ಫಾರ್ಮ್ ಫೈಟರ್ ವಿಡಿಯೋ ಆಟಗಳಿಗೆ ಜನ ತಾವೇ ಕಟ್ಟಿದ ಸ್ಟೇಜುಗಳನ್ನು, ಅಂದರೆ ಆ ಕಣಗಳನ್ನು, ನೋಡುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಚುಚ್ಚುತ್ತದೆ. ಹಿಂದೆ ಜಲಪಾತ ಇರುತ್ತದೆ, ತೇಲುವ ಗೋಪುರ ಇರುತ್ತದೆ, ಪ್ಲಾಟ್‌ಫಾರ್ಮಿನ ಮೇಲೆ ಗರಿಕೆ ಹುಲ್ಲನ್ನೂ ಬಿಡದೆ ಬಿಡಿಸಿರುತ್ತಾರೆ. ಎರಡು ತುದಿಗಳಿಗೆ ಬಂದಾಗ ಮಾತ್ರ, ಚಿತ್ರ ಎಲ್ಲಿ ಮುಗಿಯಿತೋ ಅಲ್ಲಿಗೆ ನೆಲವೂ ಮುಗಿಯಿತು ಎಂದು ಕೈತೊಳೆದುಕೊಂಡಿರುತ್ತಾರೆ. ಐದು ನಿಮಿಷ ಆಡಿದರೆ ಸಾಕು. ಹೊರಗೆ ಬಿದ್ದವನು ಸರಿಯಾಗಿಯೇ ವಾಪಸ್ ಬರುತ್ತಾನೆ, ಕೈ ಚಾಚುತ್ತಾನೆ, ತಲೆ ಯಾವುದೋ ಕಲ್ಲಿನ ಅಡಿಗೆ ಬಡಿದು ಕೆಳಗೆ ಹೋಗುತ್ತಾನೆ. ಸತ್ತವನು ಬೈದುಕೊಳ್ಳುವುದು ತನ್ನ ಕೈಯನ್ನು, ಇಲ್ಲವೇ ಕಂಟ್ರೋಲರನ್ನು. ಸ್ಟೇಜನ್ನು ಬೈಯಬೇಕು ಎಂದು ಹೊಳೆಯುವುದೇ ಇಲ್ಲ, ಯಾಕೆಂದರೆ ಅದು ನೋಡಲು ಅಷ್ಟು ಚೆಂದ ಇದೆ.

ಈ ಜಾತಿಯ ಆಟದಲ್ಲಿ ಸ್ಟೇಜಿನ ಕೆಲಸ ಶುರುವಾಗುವುದೇ ತುದಿಯಿಂದ. ನಡುವಿನ ನೆಲ ಎಲ್ಲ ಸ್ಟೇಜಿನಲ್ಲೂ ಹೆಚ್ಚುಕಡಿಮೆ ಒಂದೇ. ಲೆಡ್ಜ್ (ಕೈಯಿಂದ ಹಿಡಿದು ನೇತಾಡಬಹುದಾದ ಅಂಚು) ಎಲ್ಲಿದೆ, ಅದರ ಕೆಳಗೆ ಏನಿದೆ, ಅಲ್ಲಿಂದ ಸಾವಿನ ಗೆರೆ (ದಾಟಿದರೆ ಒಂದು ಜೀವ ಹೋಗುವ ಗಡಿ, ಬ್ಲಾಸ್ಟ್ ಝೋನ್) ಎಷ್ಟು ದೂರ, ಒಬ್ಬ ಹಿಡಿದಿರುವಾಗ ಇನ್ನೊಬ್ಬ ಹಿಡಿಯಬಹುದೇ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಟ್ಟರೆ ಸ್ಟೇಜ್ ಮುಕ್ಕಾಲು ಮುಗಿದಂತೆ. ಇದನ್ನು ನೋಡಲು ಈಗಲೂ ಒಳ್ಳೆಯ ಜಾಗ 2001ರ ಸೂಪರ್ ಸ್ಮ್ಯಾಶ್ ಬ್ರೋಸ್ ಮೆಲೇ. ಅದನ್ನು ಕನ್ನಡದಲ್ಲಿ ಹೇಗೆ ಬರೆದರೂ ಬಾಯಿಗೆ 'ಮೇಲೆ' ಎಂದೇ ಬರುತ್ತದೆ. ಕೆಳಗೆ ಬಿದ್ದವನು ಮೇಲೆ ಬರುವುದೇ ಅರ್ಧ ಆಟವಾದ್ದರಿಂದ ಅದೇನೂ ತಪ್ಪಾಗಿ ಕೇಳಿಸುವುದಿಲ್ಲ.

ಆರು ಸ್ಟೇಜ್, ಆರು ಅಳತೆ

ಮೆಲೇ ಪಂದ್ಯಾವಳಿಗಳಲ್ಲಿ ಉಳಿದುಕೊಂಡ ಸ್ಟೇಜುಗಳು ಆರು: ಬ್ಯಾಟಲ್‌ಫೀಲ್ಡ್, ಫೈನಲ್ ಡೆಸ್ಟಿನೇಷನ್, ಡ್ರೀಮ್ ಲ್ಯಾಂಡ್, ಯೋಶಿಸ್ ಸ್ಟೋರಿ, ಫೌಂಟನ್ ಆಫ್ ಡ್ರೀಮ್ಸ್, ಪೋಕೆಮಾನ್ ಸ್ಟೇಡಿಯಂ. ಇವುಗಳ ಅಗಲವನ್ನು ಜನ ಕಣ್ಣಂದಾಜಿನಲ್ಲಿ 'ದೊಡ್ಡದು', 'ಚಿಕ್ಕದು' ಎನ್ನುತ್ತಾರೆ. ಆಟದೊಳಗಿನ ಅಳತೆಯಲ್ಲಿ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ನಡುಬಿಂದುವಿನಿಂದ ನೆಲದ ತುದಿಯವರೆಗೆ ಪೋಕೆಮಾನ್ ಸ್ಟೇಡಿಯಂ 87.75 ಯುನಿಟ್. ಆರರಲ್ಲಿ ಎಲ್ಲಕ್ಕಿಂತ ಅಗಲ ಅದೇ. ಡ್ರೀಮ್ ಲ್ಯಾಂಡ್ 77.27 ಮಾತ್ರ. ಆದರೆ ತುದಿಯಿಂದ ಪಕ್ಕದ ಬ್ಲಾಸ್ಟ್ ಝೋನ್‌ವರೆಗೆ ಅಳೆದರೆ ಲೆಕ್ಕ ತಲೆಕೆಳಗು: ಡ್ರೀಮ್ ಲ್ಯಾಂಡಿನಲ್ಲಿ ಸುಮಾರು 178 ಯುನಿಟ್, ಸ್ಟೇಡಿಯಂನಲ್ಲಿ 142. ಸ್ಟೇಡಿಯಂ ಎಂದರೆ ಓಡಾಡಲು ವಿಶಾಲವಾದ ಅಂಗಳ, ಅಂಗಳ ದಾಟಿದರೆ ಕೂಡಲೇ ಬೇಲಿ. ಯೋಶಿಸ್ ಸ್ಟೋರಿಯಲ್ಲಿ ಎರಡೂ ಕಿರಿದು. ನೆಲ 56, ಆಚೆಗೆ ಸುಮಾರು 120. ಅಲ್ಲಿ ಬೇಗ ಸಾಯುತ್ತಾರೆ ಎಂಬ ಮಾತಿಗೆ ಈ 120ಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಆಳವನ್ನು ಗಮನಿಸುವವರು ಇನ್ನೂ ಕಡಿಮೆ. ನೆಲದ ಮಟ್ಟವನ್ನು ಸೊನ್ನೆ ಎಂದುಕೊಂಡರೆ ಕೆಳಗಿನ ಬ್ಲಾಸ್ಟ್ ಝೋನ್ ಯೋಶಿಸ್ ಸ್ಟೋರಿಯಲ್ಲಿ -91, ಬ್ಯಾಟಲ್‌ಫೀಲ್ಡಿನಲ್ಲಿ -108.8, ಫೌಂಟನ್‌ನಲ್ಲಿ -146.25. ಪಕ್ಕದ ಅಂತರ ನೋಡಿದರೆ ಫೌಂಟನ್ ಇಕ್ಕಟ್ಟಿನ ಸ್ಟೇಜ್. ಕೆಳಮುಖವಾಗಿ ಅದು ಆರರಲ್ಲೇ ಆಳ. ಅಡ್ಡಡ್ಡಕ್ಕೆ ಹೋಗಲು ಹೆಚ್ಚೇನೂ ಇಲ್ಲದ, ಬಹುಪಾಲು ನೇರ ಮೇಲಕ್ಕೆ ಚಿಮ್ಮುವ ಮಾರ್ಥ್‌ನಂಥ ಪಾತ್ರಕ್ಕೆ ಆ ಆಳ ಒಂದು ಆಸರೆ. ಅವನು ಲೆಡ್ಜಿನ ಕೆಳಗೆ ಇಳಿದು, ತುದಿಗೆ ಅಂಟಿಕೊಂಡ ಹಾಗೆ ಬಂದು, ಸರಿಯಾದ ಕ್ಷಣ ನೋಡಿ ಏಳಬಹುದು. ಯೋಶಿಸ್ ಸ್ಟೋರಿಯಲ್ಲಿ ಅದೇ ಆಟ ಆಡಲು ಹೋದರೆ ಕಾಲಿಗೆ ಸಾವು ತಾಗುತ್ತದೆ. ಆದ್ದರಿಂದ ಸ್ಟೇಜ್ ಬಿಡಿಸುವವರು ಮೊದಲು ಕಾಗದದ ಮೇಲೆ ಹಾಕಬೇಕಾದ್ದು ಈ ಮೂರು ಅಂಕಿ: ತುದಿ, ತುದಿಯಿಂದ ಪಕ್ಕದ ಗೆರೆ, ತುದಿಯಿಂದ ಕೆಳಗಿನ ಗೆರೆ. ಜಲಪಾತ ಆಮೇಲೆ ಬಿಡಿಸಬಹುದು.

ಹಿಡಿದವನದೇ ಲೆಡ್ಜ್

ಮೆಲೇಯಲ್ಲಿ ಒಂದು ಲೆಡ್ಜಿಗೆ ಒಬ್ಬನೇ. ಮೊದಲು ಹಿಡಿದವನು ನೇತಾಡುತ್ತಿರುವಷ್ಟು ಹೊತ್ತು ಇನ್ನೊಬ್ಬನ ಕೈಗೆ ಅಲ್ಲಿ ಏನೂ ಸಿಗುವುದಿಲ್ಲ. ಎಡ್ಜ್‌ಹಾಗ್ ಎನ್ನುವುದು ಇದಕ್ಕೇ. ಹಿಡಿದ ಕೂಡಲೇ 7 ಫ್ರೇಮ್ ಹಿಡಿಯುವ ಚಲನೆ, ಆಮೇಲೆ 30 ಫ್ರೇಮ್ ನೇತಾಟ. ಒಟ್ಟು 37 ಫ್ರೇಮ್ ಅವನಿಗೆ ಯಾವ ಹೊಡೆತವೂ ತಾಗದು. ಸೆಕೆಂಡಿಗೆ 60 ಫ್ರೇಮಿನ ಲೆಕ್ಕದಲ್ಲಿ ಇದು ಅರ್ಧ ಸೆಕೆಂಡಿಗಿಂತ ಚೂರು ಹೆಚ್ಚು. ಈ ನಿಯಮ ಎಷ್ಟು ನಿರ್ದಯ, ಎಷ್ಟು ಅಚ್ಚುಕಟ್ಟು ಎಂದು ತಿಳಿಯಲು ಒಂದೇ ಒಂದು ಸನ್ನಿವೇಶವನ್ನು ನಿಧಾನವಾಗಿ ನೋಡಬೇಕು.

ಬ್ಯಾಟಲ್‌ಫೀಲ್ಡ್. ಫಾಕ್ಸ್ ಎಂಬ ಪಾತ್ರ ಹೊರಗೆ, ಲೆಡ್ಜಿಗಿಂತ ಕೆಳಗೆ. ಡಬಲ್ ಜಂಪ್, ಅಂದರೆ ಗಾಳಿಯಲ್ಲೇ ಹಾಕುವ ಎರಡನೇ ಜಿಗಿತ, ಮುಗಿದಿದೆ. ಉಳಿದಿರುವುದು ಫೈರ್‌ಫಾಕ್ಸ್ ಎಂಬ ಬೆಂಕಿಯ ಚಿಮ್ಮು. ಅದು ಹೊತ್ತಿಕೊಂಡ ಮೇಲೆ ಸುಮಾರು 42 ಫ್ರೇಮ್ ಗಾಳಿಯಲ್ಲೇ ಉರಿಯುತ್ತ ನಿಂತು, ಆಮೇಲೆ ಸ್ಟಿಕ್ ತಿರುಗಿಸಿದ ದಿಕ್ಕಿಗೆ ಚಿಮ್ಮುತ್ತದೆ. ಮಾರ್ಥ್ ಸ್ಟೇಜಿನ ಮೇಲೆ, ತುದಿಯ ಹತ್ತಿರ ನಿಂತಿದ್ದಾನೆ. ಬೆಂಕಿ ಕಂಡ ತಕ್ಷಣ ಹಿಮ್ಮುಖ ವೇವ್‌ಡ್ಯಾಶ್ (ಎಗರಿದ ಕೂಡಲೇ ನೆಲಕ್ಕಿಳಿದು ಜಾರುವ ಚಲನೆ) ಹಾಕಿ ಹತ್ತನೇ ಫ್ರೇಮಿನಷ್ಟರಲ್ಲೇ ಲೆಡ್ಜ್ ಹಿಡಿದ ಎಂದುಕೊಳ್ಳಿ. ನೋಡುವವರಿಗೆ ಅಬ್ಬಾ ಎನಿಸುವ ವೇಗ. ಆದರೆ ಅವನ ರಕ್ಷಣೆ 47ನೇ ಫ್ರೇಮಿಗೆ ಮುಗಿಯುತ್ತದೆ. ಫಾಕ್ಸ್ ಆಗ ತಾನೇ ಚಿಮ್ಮಿರುತ್ತಾನೆ. ಅವನು ತುದಿ ತಲುಪುವಾಗ 58 ಆಗಿದ್ದರೆ ಮಾರ್ಥ್ ಬರಿಮೈಯಲ್ಲಿ ನೇತಾಡುತ್ತಿರುತ್ತಾನೆ. ಬೆಂಕಿ ತಾಗುತ್ತದೆ, ಕೈ ಬಿಡುತ್ತದೆ, ಲೆಡ್ಜ್ ಖಾಲಿಯಾಗುತ್ತದೆ. ಬೇಗ ಹಿಡಿದದ್ದೇ ತಪ್ಪಾಯಿತು. 30ನೇ ಫ್ರೇಮಿಗೆ ಹಿಡಿದಿದ್ದರೆ ರಕ್ಷಣೆ 67ರವರೆಗೆ ಬರುತ್ತಿತ್ತು, ಫಾಕ್ಸ್ ಅವನ ಮೈ ಮೂಲಕ ಹಾದು ಕೆಳಗೆ ಹೋಗುತ್ತಿದ್ದ.

ಬೇಗ ಹಿಡಿದವನಿಗೂ ಒಂದು ದಾರಿ ಇದೆ. ರಕ್ಷಣೆ ಮುಗಿಯುವ ಮುನ್ನ ಲೆಡ್ಜಿನಿಂದ ರೋಲ್ ಮಾಡಿ, ಅಂದರೆ ಸ್ಟೇಜಿನ ಮೇಲಕ್ಕೆ ಉರುಳಿ, ಏಳುವುದು. ಮೆಲೇಯಲ್ಲಿ ರೋಲ್ ಶುರುವಾದ ಮೇಲೂ ಲೆಡ್ಜ್ ಕೆಲಹೊತ್ತು 'ಭರ್ತಿ'ಯಾಗಿಯೇ ಇರುತ್ತದೆ, ರೋಲಿಗೂ ತನ್ನದೇ ರಕ್ಷಣೆ ಇದೆ. ಮೈ ಮೇಲೆ ಬರುತ್ತಿದ್ದರೂ ಹೆಸರು ಇನ್ನೂ ಲೆಡ್ಜಿನ ಖಾತೆಯಲ್ಲೇ ಇದೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಇಳಿದುಹೋದ ಹಾಗೆ! ಇಲ್ಲಿ ಪಾತ್ರದ ಡ್ಯಾಮೇಜೂ, ಅಂದರೆ ಪೆಟ್ಟು ತಿಂದಂತೆ ಏರುವ ಶೇಕಡಾ ಅಂಕಿಯೂ, ಲೆಕ್ಕಕ್ಕೆ ಬರುತ್ತದೆ: 100% ದಾಟಿದ ಮೇಲೆ ಏಳುವ, ರೋಲ್ ಮಾಡುವ ಚಲನೆಗಳೆಲ್ಲ ನಿಧಾನದ ರೂಪಕ್ಕೆ ಬದಲಾಗುತ್ತವೆ. ಹಾಗಾಗಿ 95%ರಲ್ಲಿ ಸರಿ ಹೋದ ಅಂದಾಜು 105%ರಲ್ಲಿ ಕೈಕೊಡುತ್ತದೆ.

ಫಾಕ್ಸ್‌ನ ಕಡೆಯಿಂದ ನೋಡಿ. ಲೆಡ್ಜ್ ಮುಚ್ಚಿದೆ ಎಂದು ಗೊತ್ತಾದ ಮೇಲೆ ಅವನಿಗೆ ಉಳಿಯುವುದು ಸ್ಟೇಜಿನ ಮೇಲೆಯೇ ಬಂದು ಬೀಳುವುದು, ಇಲ್ಲವೇ ಪಕ್ಕದ ಪ್ಲಾಟ್‌ಫಾರ್ಮ್ ಸೇರುವುದು. ಬ್ಯಾಟಲ್‌ಫೀಲ್ಡಿನ ಪಕ್ಕದ ಪ್ಲಾಟ್‌ಫಾರ್ಮಿನ ಎತ್ತರ 27.2, ಹೊರತುದಿ 57.6. ನೆಲದ ತುದಿ 68.4. ಅಂದರೆ ಪ್ಲಾಟ್‌ಫಾರ್ಮ್ ಸುಮಾರು 11 ಯುನಿಟ್ ಒಳಗಿದೆ. ಅದನ್ನು ಸೇರಲು ಫಾಕ್ಸ್ ಮಾರ್ಥ್‌ನ ಕತ್ತಿಯ ಎದುರಿನಿಂದಲೇ ಹಾದು ಹೋಗಬೇಕು. ಇದೇ ದೃಶ್ಯವನ್ನು ಯೋಶಿಸ್ ಸ್ಟೋರಿಗೆ ಎತ್ತಿಡಿ. ಅಲ್ಲಿ ಪ್ಲಾಟ್‌ಫಾರ್ಮಿನ ಎತ್ತರ 23.45, ಹೊರತುದಿ 59.5, ನೆಲ ಮುಗಿಯುವುದು 56ಕ್ಕೆ. ಪ್ಲಾಟ್‌ಫಾರ್ಮ್ ಮನೆಯ ಸೂರಿನ ಹಾಗೆ ಮೂರೂವರೆ ಯುನಿಟ್ ಹೊರಚಾಚಿದೆ. ಫಾಕ್ಸ್ ಸ್ಟೇಜಿನ ಒಳಗೆ ಕಾಲಿಡದೆಯೇ ಗೋಡೆಯ ಪಕ್ಕದಲ್ಲಿ ನೇರ ಮೇಲಕ್ಕೆ ಹೋಗಿ, ಪ್ಲಾಟ್‌ಫಾರ್ಮನ್ನು ಕೆಳಗಿನಿಂದ ತೂರಿ ಅದರ ಮೇಲೆ ಇಳಿಯಬಹುದು. ಲೆಡ್ಜಿನಲ್ಲಿ ನೇತಾಡುತ್ತಿರುವ ಮಾರ್ಥ್ ಕತ್ತೆತ್ತಿ ನೋಡಬೇಕಷ್ಟೆ. ಫೈನಲ್ ಡೆಸ್ಟಿನೇಷನ್‌ನಲ್ಲಿ ಪ್ಲಾಟ್‌ಫಾರ್ಮೇ ಇಲ್ಲ. ಆ ದಾರಿಯೇ ಮುಚ್ಚಿದೆ. ಪಾತ್ರ ಅದೇ, ನಿಯಮ ಅದೇ, ಬೆಂಕಿಯ 42 ಫ್ರೇಮೂ ಅದೇ. ಮೂರೂವರೆ ಯುನಿಟ್ ಮರದ ಹಲಗೆ ಎಲ್ಲವನ್ನೂ ಬದಲಾಯಿಸಿತು.

ಯೋಶಿಸ್ ಸ್ಟೋರಿಯಲ್ಲಿರುವ ಒಂದು ಮೋಡದ ಮಾತು ಬಿಟ್ಟರೆ ಅನ್ಯಾಯವಾದೀತು. ಆಟಗಾರರು ರ್‍ಯಾಂಡಲ್ ಎಂದು ಹೆಸರಿಟ್ಟಿರುವ ಈ ಪುಟ್ಟ ಮೋಡ ಸ್ಟೇಜಿನ ಸುತ್ತ 20 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಹೊಸಬರಿಗೆ ಅದು ಯದ್ವಾತದ್ವಾ ಬಂದು ಜೀವ ಉಳಿಸುವ ಅದೃಷ್ಟದೇವತೆ. ಅದರ ಸುತ್ತು ಪಂದ್ಯದ ಗಡಿಯಾರಕ್ಕೆ ಕಟ್ಟಿಹಾಕಿದ್ದು. 8 ನಿಮಿಷದ ಪಂದ್ಯದಲ್ಲಿ ಪರದೆಯ ಮೇಲಿನ ಸೆಕೆಂಡು ನೋಡಿದರೆ ಮೋಡ ಎಡಕ್ಕಿದೆಯೋ ಬಲಕ್ಕಿದೆಯೋ ಹೇಳಬಹುದು. ಬಲ್ಲವರು ಎದುರಾಳಿಯನ್ನು ಹೊರಗೆ ಹಾಕುವ ಮೊದಲು ಒಮ್ಮೆ ಗಡಿಯಾರ ನೋಡುತ್ತಾರೆ. ಚಲಿಸುವ ವಸ್ತು ಸ್ಟೇಜಿನಲ್ಲಿರಬಾರದು ಎಂಬ ವಾದ ಆಗಾಗ ಕೇಳಿಬರುತ್ತದೆ. ನನಗೆ ಅದು ಅರ್ಧ ಸರಿ ಎನಿಸುತ್ತದೆ. ಫೌಂಟನ್‌ನ ಪಕ್ಕದ ಪ್ಲಾಟ್‌ಫಾರ್ಮುಗಳೂ ಚಲಿಸುತ್ತವೆ, ಆದರೆ ಯಾವಾಗ ಏರುತ್ತವೆ ಯಾವಾಗ ಇಳಿಯುತ್ತವೆ ಎಂದು ಯಾವ ಗಡಿಯಾರವೂ ಹೇಳುವುದಿಲ್ಲ. ಲೆಕ್ಕ ಹಾಕಬಹುದಾದ ಚಲನೆಯನ್ನೂ ಹಾಕಲಾಗದ ಚಲನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನೇತಾಡುವವನ ಹಣದ ಚೀಲ

ರಕ್ಷಣೆಯ 30 ಫ್ರೇಮನ್ನು ನೇತಾಡಿಯೇ ಖರ್ಚು ಮಾಡಬೇಕೆಂದಿಲ್ಲ. ಲೆಡ್ಜ್‌ಡ್ಯಾಶ್ ಹುಟ್ಟಿದ್ದು ಅಲ್ಲಿಂದ. ಕೈ ಬಿಡು, ಕೂಡಲೇ ಡಬಲ್ ಜಂಪ್, ಮೈ ಅಂಚಿನ ಮಟ್ಟ ದಾಟಿದ ತಕ್ಷಣ ಒಳಗೆ-ಕೆಳಗೆ ಏರ್ ಡಾಡ್ಜ್ (ಗಾಳಿಯಲ್ಲಿ ಪೆಟ್ಟು ತಪ್ಪಿಸಿಕೊಳ್ಳುವ ಚಲನೆ). ನೆಲದ ಮೇಲೆ ಜಾರುತ್ತ ಬಂದು ನಿಲ್ಲು. ಏರ್ ಡಾಡ್ಜಿನಿಂದ ಇಳಿದಾಗ 10 ಫ್ರೇಮ್ ಕೈಕಾಲು ಆಡುವುದಿಲ್ಲ. 30ರಲ್ಲಿ 10 ಹೋದರೆ 20. ಬೀಳುವುದು, ಎಗರುವುದು, ನೆಲ ಮುಟ್ಟುವುದು ಎಲ್ಲವೂ ಆ 20ರೊಳಗೆ ಎಷ್ಟು ಕಡಿಮೆ ಫ್ರೇಮಿನಲ್ಲಿ ಮುಗಿದರೆ ಅಷ್ಟು ರಕ್ಷಣೆ ನೆಲದ ಮೇಲೆ ಉಳಿಯುತ್ತದೆ. ಆ ಉಳಿದದ್ದರಲ್ಲಿ ಎದುರಾಳಿಗೆ ಹೊಡೆಯಬಹುದು, ಅವನು ತಿರುಗಿ ಹೊಡೆದರೆ ತಾಗದು. ಇಲ್ಲಿ ಎಡವುವುದು ಎರಡು ಕಡೆ. ಏರ್ ಡಾಡ್ಜ್ ಒಂದೆರಡು ಫ್ರೇಮ್ ಬೇಗ ಒತ್ತಿದರೆ ಮೈಯ ಕೆಳತುದಿ ಇನ್ನೂ ಅಂಚಿಗಿಂತ ಕೆಳಗಿರುತ್ತದೆ. ಪಾತ್ರ ನೆಲದ ಮೇಲೆ ಜಾರುವ ಬದಲು ಗೋಡೆಗೆ ಒತ್ತಿಕೊಂಡು ನಿಸ್ಸಹಾಯಕವಾಗಿ ಬೀಳುತ್ತದೆ. ಎದುರಾಳಿ ಬೆರಳೆತ್ತದೆ ಒಂದು ಜೀವ ಹೋಯಿತು. ತಡವಾಗಿ ಒತ್ತಿದರೆ ಸಾಯುವುದಿಲ್ಲ, ಆದರೆ ಇಳಿಯುವಷ್ಟರಲ್ಲಿ ಚೀಲ ಖಾಲಿ. ಅಭ್ಯಾಸ ಮಾಡುವವರು ಮೊದಲು ತಡವಾಗಿ ಒತ್ತಿ, ದಿನಕ್ಕಿಷ್ಟು ಫ್ರೇಮ್ ಹಿಂದಕ್ಕೆ ತರಬೇಕು. ಬೇಗದಿಂದ ಶುರು ಮಾಡಿದವರು ಹತ್ತು ಸಲ ಬಿದ್ದು ಕೈಬಿಡುತ್ತಾರೆ.

ಲೆಡ್ಜ್ ಹಿಡಿದಾಗ ಡಬಲ್ ಜಂಪ್ ವಾಪಸ್ ಸಿಗುತ್ತದೆ, ರಕ್ಷಣೆಯೂ ಹೊಸದಾಗಿ ಬರುತ್ತದೆ. ಬಿಟ್ಟ ಮೇಲೆ ಸುಮಾರು ಅರ್ಧ ಸೆಕೆಂಡ್ ಮತ್ತೆ ಹಿಡಿಯಲಾಗದು ಎಂಬ ತಡೆಯೊಂದೇ ಇರುವುದು. ಈ ಎರಡನ್ನು ಜೋಡಿಸಿದರೆ ಮುಂದಿನ ಸಮಸ್ಯೆ ತಾನಾಗಿಯೇ ಕಾಣುತ್ತದೆ. ಸರಣಿಯ ಮುಂದಿನ ಆಟವಾದ 2008ರ ಬ್ರಾಲ್‌ನಲ್ಲಿ ಅದು ಬಟಾಬಯಲಾಯಿತು. ಅಲ್ಲಿ ಲೆಡ್ಜ್ ದೂರದಿಂದಲೇ ಆಯಸ್ಕಾಂತದ ಹಾಗೆ ಎಳೆದುಕೊಳ್ಳುತ್ತಿತ್ತು, ಪ್ರತಿ ಹಿಡಿತಕ್ಕೂ ರಕ್ಷಣೆ ಇತ್ತು. ಗಾಳಿಯಲ್ಲಿ 5 ಜಿಗಿತ ಇದ್ದ ಮೆಟಾ ನೈಟ್ ಎಂಬ ಪಾತ್ರ ಬಿಡು, ಎಗರು, ಕತ್ತಿ ಬೀಸು, ಹಿಡಿ ಎಂಬ ಸುತ್ತಿನಲ್ಲಿ ಪಂದ್ಯದ ಗಡಿಯಾರವನ್ನೇ ಮುಗಿಸಿಬಿಡುತ್ತಿತ್ತು. ಪ್ಲ್ಯಾಂಕಿಂಗ್ ಎಂದರು ಅದಕ್ಕೆ. ಸಂಘಟಕರು ಕಾಗದದ ಮೇಲೆ ಮಿತಿ ಹಾಕಿದರು: ಸಮಯ ಮುಗಿದಾಗ ಇಷ್ಟು ಸಲಕ್ಕಿಂತ ಹೆಚ್ಚು ಲೆಡ್ಜ್ ಹಿಡಿದಿದ್ದರೆ ಸೋಲು. ಆಟದೊಳಗೆ ಬರೆಯಬೇಕಿದ್ದ ನಿಯಮವನ್ನು ಹೊರಗಿನ ಜನ ಎಣಿಸಿ ಜಾರಿ ಮಾಡಬೇಕಾಗಿ ಬಂದದ್ದು ವಿನ್ಯಾಸದ ಸೋಲು. ಅದೇ ಪಾತ್ರ ತೇಲುವ ಸ್ಟೇಜುಗಳ ತಳದಡಿಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಗ್ಲೈಡ್ ಮಾಡಿ ತಪ್ಪಿಸಿಕೊಳ್ಳುತ್ತಿದ್ದುದಕ್ಕೂ ಬೇರೆ ನಿಷೇಧ ಬಂತು. ತಳ ತೆರೆದಿರಬೇಕೋ, ಗೋಡೆ ಸಾವಿನ ಗೆರೆಯವರೆಗೂ ಇಳಿದಿರಬೇಕೋ ಎನ್ನುವುದು ಚಿತ್ರಕಾರನ ಇಷ್ಟಕ್ಕೆ ಬಿಡುವ ಪ್ರಶ್ನೆಯೇ ಅಲ್ಲ ಎಂದು ಆಗ ಎಲ್ಲರಿಗೂ ಗೊತ್ತಾಯಿತು.

2014ರ ಸ್ಮ್ಯಾಶ್ 4 ಎಡ್ಜ್‌ಹಾಗನ್ನೇ ತೆಗೆದುಹಾಕಿತು. ಎರಡನೆಯವನು ಬಂದು ಹಿಡಿದರೆ ಮೊದಲನೆಯವನು ಹೊರಕ್ಕೆ ಚಿಮ್ಮುತ್ತಾನೆ; ಇದು ಲೆಡ್ಜ್ ಟ್ರಂಪ್. ನೆಲ ಮುಟ್ಟದೆ ಅಥವಾ ಪೆಟ್ಟು ತಿನ್ನದೆ ಮತ್ತೆ ಹಿಡಿದರೆ ರಕ್ಷಣೆ ಇಲ್ಲ. ಹಿಡಿಯುವ ಹೊತ್ತಿನಲ್ಲೇ 2 ಫ್ರೇಮ್ ಮೈ ತೆರೆದಿರುತ್ತದೆ, ಅದನ್ನು ಕಾದು ಹೊಡೆಯುವುದಕ್ಕೆ ಟೂ-ಫ್ರೇಮ್ ಎಂದೇ ಹೆಸರಾಯಿತು. 2018ರ ಅಲ್ಟಿಮೇಟ್ ಇದರ ಮೇಲೆ ಇನ್ನೊಂದು ಬೀಗ ಹಾಕಿತು: ನೆಲ ಮುಟ್ಟದೆ, ಪೆಟ್ಟು ತಿನ್ನದೆ 6 ಸಲಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಪ್ಲ್ಯಾಂಕಿಂಗ್ ಸತ್ತಿತು. ಜೊತೆಗೆ ಇನ್ನೊಂದೂ ಸತ್ತಿತು ಎಂಬ ಕೊರಗು ನನಗಿದೆ. ಫೈರ್‌ಫಾಕ್ಸ್ ನೋಡುತ್ತ 30ನೇ ಫ್ರೇಮಿಗೆ ಹಿಡಿಯುವುದೋ 10ಕ್ಕೆ ಹಿಡಿದು ರೋಲ್ ಮಾಡುವುದೋ ಎಂಬ ಲೆಕ್ಕ ಹೊಸ ಆಟಗಳಲ್ಲಿಲ್ಲ. ಈಗ ಬೇಟೆ ನಡೆಯುವುದು ಲೆಡ್ಜ್ ಹಿಡಿದ ಮೇಲೆ: ಎದ್ದುನಿಲ್ಲು, ರೋಲ್, ಜಿಗಿತ, ಹೊಡೆತ ಎಂಬ ನಾಲ್ಕರಲ್ಲಿ ಯಾವುದು ಎಂದು ಊಹಿಸಿ ಕಾಯುವುದು. ಕಬಡ್ಡಿ ನೋಡಿದವರಿಗೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ರೈಡರ್ ನಡುಗೆರೆಗೆ ಕೈ ಚಾಚುವಾಗ ಹಿಡಿಯುವವರು ಆ ಗೆರೆಯನ್ನೇ ಮುಚ್ಚಲು ನೋಡುವ ಆಟ ಒಂದು. ಗೆರೆ ಮುಟ್ಟಿದ ಮೇಲೆ ಮುಂದಿನ ರೈಡಿಗೆ ಸಜ್ಜಾಗುವ ಆಟ ಇನ್ನೊಂದು.

ತುಟಿ

ಈಗ ಮೊದಲು ಹೇಳಿದ ತಲೆ ಬಡಿಯುವ ಕಲ್ಲಿಗೆ ಬರೋಣ. ಇಂಗ್ಲಿಷ್ ಬಲ್ಲ ಆಟಗಾರರು ಇದಕ್ಕೆ ಲಿಪ್ ಎನ್ನುತ್ತಾರೆ, ತುಟಿ. ಸ್ಟೇಜಿನ ಮೇಲ್ಭಾಗ ಅಗಲ, ತಳ ಕಿರಿದು. ನಡುವೆ ಓರೆಯಾಗಿ ಒಳಸರಿದ ಇಳಿಜಾರು. ತೇಲುವ ನೆಲಕ್ಕೆ ಇದು ಚೆಂದ ಕಾಣುತ್ತದೆ. ಆದರೆ ಕೆಳಗಿನಿಂದ ಗೋಡೆಗೆ ಅಂಟಿಕೊಂಡು ಬರುವ ಪಾತ್ರಕ್ಕೆ ಅದು ಗೋಡೆಯಾಗಿ ಕಾಣದೆ ಸೂರಾಗಿ ಎದುರಾಗುತ್ತದೆ. ಬ್ಯಾಟಲ್‌ಫೀಲ್ಡಿನ ಅಡಿಗೆ ಸಿಕ್ಕಿ ಸಾಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಸ್ಟೇಜಿನ ಹೆಸರೇ ಆಟಗಾರರ ಬಾಯಲ್ಲಿ ಕ್ರಿಯಾಪದವಾಯಿತು. ಬಾಹ್ಯಾಕಾಶ ಹಡಗಿನ ಮೇಲಿರುವ ಲೈಲಾಟ್ ಕ್ರೂಸ್ ಎಂಬ ಸ್ಟೇಜ್ ಇನ್ನೂ ಒಂದು ಹೆಜ್ಜೆ ಮುಂದೆ: ಹಡಗು ಅತ್ತಿತ್ತ ವಾಲುವುದರಿಂದ ಅದರ ತುದಿಯೂ ಏರಿಳಿಯುತ್ತದೆ. ಲೆಡ್ಜಿಗೆ ಗುರಿಯಿಟ್ಟು ಹೊರಟಾಗ ಇದ್ದ ಜಾಗದಲ್ಲಿ ತಲುಪುವಾಗ ಅದು ಇರುವುದಿಲ್ಲ. ಅಲ್ಟಿಮೇಟ್‌ನಲ್ಲಿ ಹ್ಯಾಝರ್ಡ್ (ಸ್ಟೇಜಿನದೇ ಕಾಟಗಳು) ಆಫ್ ಮಾಡಿದರೆ ವಾಲಾಟ ನಿಲ್ಲುತ್ತದೆ.

ಇದರ ಕಾರಣ ಚಿತ್ರದಲ್ಲಿ ಕಾಣುವುದಿಲ್ಲ. ನೆಲ, ಗೋಡೆಗಳ ಜೊತೆ ಡಿಕ್ಕಿ ಲೆಕ್ಕ ಹಾಕಲು ಸ್ಮ್ಯಾಶ್ ಆಟಗಳು ಪಾತ್ರದ ಸುತ್ತ ಒಂದು ವಜ್ರಾಕಾರ ಇಟ್ಟುಕೊಂಡಿರುತ್ತವೆ. ಬಲ್ಲವರು ಅದನ್ನು ಇಸಿಬಿ (ಎನ್ವಿರಾನ್‌ಮೆಂಟಲ್ ಕೊಲಿಷನ್ ಬಾಕ್ಸ್) ಎನ್ನುತ್ತಾರೆ. ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ಮೂಲೆ. ನೇರ ಗೋಡೆಗೆ ಬದಿಯ ಮೂಲೆ ತಾಗುತ್ತದೆ, ಪಾತ್ರ ಮೇಲೆ ಜಾರುತ್ತದೆ. ಒಳಸರಿದ ಇಳಿಜಾರಿಗೆ ಮೇಲಿನ ಮೂಲೆ ತಾಗುತ್ತದೆ, ಆಟದ ಲೆಕ್ಕದಲ್ಲಿ ಅದು ಸೂರು, ಮೇಲ್ಮುಖ ವೇಗ ಅಲ್ಲಿಗೆ ನಿಂತಿತು. ಕೈಗೂ ಲೆಡ್ಜಿಗೂ ನಡುವೆ ಎರಡು ಯುನಿಟ್ ಉಳಿದಿದ್ದರೂ ಅಷ್ಟೇ. ಪೆಟ್ಟು ತಿಂದು ಗೋಡೆಗೆ ಬಡಿದವನಿಗೂ ಇದೇ ಗೋಳು. ಮೆಲೇಯಲ್ಲಿ ಬಡಿಯುವ ಮುಂಚಿನ 20 ಫ್ರೇಮ್ ಒಳಗೆ ಗುಂಡಿ ಒತ್ತಿದ್ದರೆ ಟೆಕ್ ಸಿಗುತ್ತದೆ, ಅಂದರೆ ಬಡಿದ ಕೂಡಲೇ ಸಾವರಿಸಿಕೊಳ್ಳಬಹುದು, ಬೇಗ ಒತ್ತಿಬಿಟ್ಟರೆ 40 ಫ್ರೇಮ್ ಇನ್ನೊಂದು ಅವಕಾಶವಿಲ್ಲ. ಗೋಡೆ ನೇರವಾಗಿದ್ದರೆ ಯಾವಾಗ ಬಡಿಯುತ್ತೇನೆ ಎಂದು ಅಂದಾಜು ಮಾಡಬಹುದು. ಒಳಸರಿದಿದ್ದರೆ ಬಡಿಯುವ ಕ್ಷಣ ಮುಂದಕ್ಕೆ ಹೋಗುತ್ತದೆ, ಕೆಲವೊಮ್ಮೆ ಬಡಿಯುವುದೇ ಇಲ್ಲ.

ಕಟ್ಟುವವರಿಗೆ ಸ್ವಲ್ಪ

ಗೋಡೋ, ಯೂನಿಟಿಯಂಥ ಗೇಮ್ ಎಂಜಿನ್‌ಗಳಲ್ಲಿ ಇಂಥ ಆಟ ಕಟ್ಟುವವರಿಗೆ ಮೊದಲ ಮಾತು: ಲೆಡ್ಜನ್ನು ನೆಲದ ಚಿತ್ರದಿಂದ ಬೇರ್ಪಡಿಸಿ, ಬೇರೆ ವಸ್ತುವಾಗಿ ಇಡಿ. ಒಂದು ಬಿಂದು, ಅದು ಯಾವ ಕಡೆಗೆ ಮುಖ ಮಾಡಿದೆ, ಈಗ ಯಾರ ಕೈಯಲ್ಲಿದೆ. ಇಷ್ಟೇ. ಅದನ್ನು ಡಿಕ್ಕಿಯ ಮೂಲೆಯ ಮೇಲೇ ಕೂರಿಸಿ; ಚಿತ್ರದ ಹುಲ್ಲು ಅದಕ್ಕಿಂತ ಆಚೆ ಚಾಚದಿರಲಿ. ಕಣ್ಣು ಹುಲ್ಲಿಗೆ ಗುರಿಯಿಡುತ್ತದೆ, ಕೈ ಬಿಂದುವನ್ನು ಹುಡುಕುತ್ತದೆ.

ಹಿಡಿಯುವ ಪರೀಕ್ಷೆ ಪಾತ್ರದ ಮುಂದೆ, ತಲೆಯ ಮಟ್ಟದಲ್ಲಿ ಇಟ್ಟ ಒಂದು ಆಯತ. ಬಿಂದು ಆಯತದೊಳಗಿರಬೇಕು, ಪಾತ್ರ ಕೆಳಗೆ ಬೀಳುತ್ತಿರಬೇಕು, ಪೆಟ್ಟಿನ ಗುಂಗಿನಲ್ಲಿರಬಾರದು, ಸ್ಟಿಕ್ ಕೆಳಗೆ ಒತ್ತಿರಬಾರದು, ತಡೆಯ ಎಣಿಕೆ ಸೊನ್ನೆಯಾಗಿರಬೇಕು. ಅಪ್-ಬಿಯಂಥ (ಫೈರ್‌ಫಾಕ್ಸ್‌ನ ಹಾಗೆ ಮೇಲಕ್ಕೆ ಚಿಮ್ಮಿಸುವ) ಹೊಡೆತಗಳಿಗೆ ಮಾತ್ರ ಬೀಳುತ್ತಿರಬೇಕೆಂಬ ಷರತ್ತು ಸಡಿಲಿಸಿ. ಗೋಡೋದಲ್ಲಿ ಇದಕ್ಕೆ ಏರಿಯಾ ನೋಡ್ (ತನ್ನೊಳಗೆ ಏನಿದೆ ಎಂದು ಹೇಳುವ ಸಿದ್ಧ ವಸ್ತು) ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಅದೇ ಮೊದಲ ಬಗ್ ಕೂಡ. ಏರಿಯಾದೊಳಗೆ ಯಾರಿದ್ದಾರೆ ಎಂಬ ಪಟ್ಟಿ ಫಿಸಿಕ್ಸ್ ಹೆಜ್ಜೆಗೆ ಒಮ್ಮೆ ಮಾತ್ರ ಹೊಸದಾಗುತ್ತದೆ, ಪಾತ್ರವನ್ನು ಸರಿಸಿದ ಕೂಡಲೇ ಅಲ್ಲ. ಒಂದು ಫ್ರೇಮ್ ಹಳೆಯ ಸುದ್ದಿಯನ್ನು ನಂಬಿ ಲೆಡ್ಜ್ ಕೊಟ್ಟರೆ ಕೈ ತಪ್ಪಿದ ಹಾಗೆ ಕಂಡ ಹಿಡಿತಗಳು ಸಿಗುತ್ತವೆ, ಸಿಕ್ಕ ಹಾಗೆ ಕಂಡವು ತಪ್ಪುತ್ತವೆ. ಬಿಂದು ಆಯತದೊಳಗಿದೆಯೇ ಎಂಬ ನಾಲ್ಕು ಹೋಲಿಕೆಯನ್ನು ನೀವೇ ಬರೆಯಿರಿ. ಬೀಳುವ ವೇಗ ಒಂದೇ ಫ್ರೇಮಿಗೆ ಆಯತದ ಎತ್ತರಕ್ಕಿಂತ ಹೆಚ್ಚಾಗಬಹುದಾದರೆ ಹಳೆಯ ಜಾಗದಿಂದ ಹೊಸ ಜಾಗದವರೆಗಿನ ಪಟ್ಟಿಯನ್ನೇ ಪರೀಕ್ಷಿಸಿ. ಇಲ್ಲದಿದ್ದರೆ ಭಾರದ ಪಾತ್ರಗಳು ಲೆಡ್ಜನ್ನು ನುಂಗಿಕೊಂಡು ಬೀಳುತ್ತವೆ.

ಇಬ್ಬರೂ ಒಂದೇ ಫ್ರೇಮಿನಲ್ಲಿ ಕೈ ಚಾಚಿದರೆ? ಹೆಚ್ಚಿನ ಹವ್ಯಾಸಿ ಆಟಗಳಲ್ಲಿ ಇದಕ್ಕೆ ಯಾರೂ ಉತ್ತರ ಬರೆದಿರುವುದಿಲ್ಲ; ಪಟ್ಟಿಯಲ್ಲಿ ಮೊದಲಿದ್ದವನಿಗೆ ಸಿಗುತ್ತದೆ, ಅಂದರೆ ಸದಾ ಒಂದನೇ ಆಟಗಾರನಿಗೆ. ಬಿಂದುವಿಗೆ ಕೈ ಹತ್ತಿರವಿದ್ದವನಿಗೆ ಕೊಡಿ, ಅದೂ ಸಮನಾದರೆ ಇಬ್ಬರಿಗೂ ಕೊಡಬೇಡಿ. ಹಿಡಿದವನ ಮೈಯನ್ನು ನೇತಾಡುವ ಜಾಗಕ್ಕೆ ಒಂದೇ ಏಟಿಗೆ ಎಳೆದು ಕೂರಿಸುವಾಗಲೂ ಜೋಕೆ. ಉದ್ದನೆಯ ಪಾತ್ರ ಒಂದು ಫ್ರೇಮಿನಲ್ಲಿ ತನ್ನ ಅರ್ಧ ಎತ್ತರದಷ್ಟು ಮಾಯವಾಗಿ ಪ್ರತ್ಯಕ್ಷವಾದರೆ ಹೊಡೆಯುವವನಿಗೆ ಅನ್ಯಾಯ. ನಾಲ್ಕೈದು ಫ್ರೇಮಿನಲ್ಲಿ ಎಳೆಯಿರಿ, ಆಗ ಮೈ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ತೀರ್ಮಾನಿಸಿ ಅಂಕಿ ಬರೆದಿಡಿ.

ಏಳುವ ಚಲನೆಗಳ ಉದ್ದವನ್ನು ಅತಿ ಕಿರಿದಾದ ಸ್ಟೇಜಿನ ಮೇಲೆ ಅಳೆಯಿರಿ. ಅಗಲವಾದ ಅಂಗಳಕ್ಕೆ ಹೊಂದಿಸಿದ ರೋಲ್ ಇಕ್ಕಟ್ಟಿನ ಸ್ಟೇಜಿನಲ್ಲಿ ನೇತಾಡುತ್ತಿದ್ದವನನ್ನು ಒಂದೇ ಗುಂಡಿಗೆ ನಡುಮಧ್ಯಕ್ಕೆ ತಂದು ನಿಲ್ಲಿಸುತ್ತದೆ, ಮೂಲೆಗೆ ಒತ್ತಿದ್ದ ಎದುರಾಳಿಯ ದುಡಿಮೆ ನೀರಿಗೆ ಹೋಯಿತು. ತುದಿ ಕೆಳಕ್ಕೆ ಬಾಗಿದ್ದರೆ ಇನ್ನೊಂದು ತರಲೆ. ಯೋಶಿಸ್ ಸ್ಟೋರಿಯ ತುದಿಯಲ್ಲಿ ನೆಲ ನಡುವಿಗಿಂತ ಸುಮಾರು ಮೂರೂವರೆ ಯುನಿಟ್ ತಗ್ಗಿದೆ. ಸಪಾಟು ನೆಲಕ್ಕೆಂದು ಅಳೆದ ನೇರ ಹೊಡೆತ ಅಲ್ಲಿ ನಿಂತ ಕುಳ್ಳ ಪಾತ್ರದ ತಲೆಯ ಮೇಲೆ ಹಾದು ಹೋಗಬಹುದು.

ಲೆಡ್ಜೇ ಬೇಡ ಎಂದವರೂ ಇದ್ದಾರೆ. 2017ರ ರೈವಲ್ಸ್ ಆಫ್ ಈಥರ್‌ನಲ್ಲಿ ನೇತಾಡುವುದೇ ಇರಲಿಲ್ಲ; ಎಲ್ಲ ಪಾತ್ರಗಳಿಗೂ ವಾಲ್ ಜಂಪ್ (ಗೋಡೆಯನ್ನು ಒದ್ದು ಎಗರುವುದು) ಕೊಟ್ಟರು, ತುದಿಯ ಕೆಲಸ ಗೋಡೆಗೆ ಬಂತು. ಬ್ರಾಲ್‌ಹಲ್ಲಾ ಎಂಬ ಆಟದಲ್ಲೂ ಗೋಡೆಯೇ ಆಸರೆ. ಇಂಥ ಆಟದಲ್ಲಿ ತುಟಿ ಇಟ್ಟರೆ ಕ್ಷಮೆಯೇ ಇಲ್ಲ, ಯಾಕೆಂದರೆ ಹಿಡಿಯಲು ಬೇರೇನೂ ಇಲ್ಲ. ಆದರೆ ಎಡ್ಜ್‌ಹಾಗ್, ಟ್ರಂಪ್, ರಕ್ಷಣೆಯ ಎಣಿಕೆ ಎಲ್ಲವೂ ಒಂದೇ ಏಟಿಗೆ ಕೋಡಿನಿಂದ ಮಾಯ. ಒಬ್ಬರೇ ಕೂತು ಆಟ ಕಟ್ಟುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕುತೂಹಲದ ವಿಷಯವೆಂದರೆ 2024ರ ಅಕ್ಟೋಬರಿನಲ್ಲಿ ಬಂದ ರೈವಲ್ಸ್ 2ರಲ್ಲಿ ಲೆಡ್ಜ್ ವಾಪಸ್ ಬಂದಿದೆ, ಶೀಲ್ಡ್ ಮತ್ತು ಗ್ರ್ಯಾಬ್ ಜೊತೆಗೆ.

ಸ್ಟೇಜ್ ಮುಗಿಯಿತು ಅನಿಸಿದಾಗ ಮಾಡಬೇಕಾದ ಪರೀಕ್ಷೆ ಬೇಸರದ್ದು, ಆದರೂ ಬಿಡಬೇಡಿ. ಹಿನ್ನೆಲೆ ಚಿತ್ರ ಪೂರ್ತಿ ಆಫ್ ಮಾಡಿ, ಡಿಕ್ಕಿಯ ಗೆರೆಗಳನ್ನು ಮಾತ್ರ ತೋರಿಸಿ. ರಿಕವರಿ (ಹೊರಗಿನಿಂದ ವಾಪಸ್ ಬರುವ ಶಕ್ತಿ) ಅತಿ ಗಿಡ್ಡ ಇರುವ ಪಾತ್ರವನ್ನು ತುದಿಯಿಂದ 5 ಯುನಿಟ್ ಆಚೆ, ಲೆಡ್ಜಿನ 30 ಯುನಿಟ್ ಕೆಳಗೆ ಇಟ್ಟು ನೇರ ಮೇಲಕ್ಕೆ ಚಿಮ್ಮಿಸಿ. ಆಮೇಲೆ ಒಂದೊಂದೇ ಯುನಿಟ್ ಒಳಕ್ಕೆ ಸರಿಸುತ್ತ ಬನ್ನಿ, ಎಲ್ಲಿ ತಲೆ ಬಡಿಯುತ್ತದೆ ಎಂದು ಗುರುತು ಹಾಕಿ. ಎಡಕ್ಕೆ ಮಾಡಿದ್ದನ್ನು ಬಲಕ್ಕೂ ಮಾಡಿ, ಕನ್ನಡಿ ಹಿಡಿದ ಹಾಗೆ ಒಂದೇ ಅಂಕಿ ಬರುತ್ತದೆ ಎಂದು ನಂಬಬೇಡಿ. ಯೋಶಿಸ್ ಸ್ಟೋರಿಯ ಎಡಗಡೆಯ ಬ್ಲಾಸ್ಟ್ ಝೋನ್ 175.7ಕ್ಕಿದೆ, ಬಲಗಡೆಯದು 173.6ಕ್ಕೆ.